ಎಲ್ಲಿ ಏನಿದೆ? ಆ ಪಟ್ಟಿ ಯಾರ ಕೈಯಲ್ಲಿರಬೇಕು?

(ದಾವಣಗೆರೆ ಮತ್ತು ಹರಿಹರದ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಇವತ್ತಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಹಲವರಿಗೆ ಆಶ್ಚರ್ಯವಾಗಿರಬಹುದು. ಕೂಲಿ, ಬೋನಸ್ಸು, ತುಟ್ಟಿಭತ್ಯೆ, ಅಂಗಡಿ ಬಾಡಿಗೆ ಇವುಗಳ ಮಾತು ನಡೆಯಬೇಕಾದ ಜಾಗದಲ್ಲಿ ಅಮೆರಿಕದ ಹಳೆಯ ಗಣಕಯಂತ್ರಗಳ ಕಥೆ ಏಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಯಂತ್ರಗಳನ್ನು ತಂತಿಯಿಂದ ಜೋಡಿಸಿದವರಿಗೆ ಎದುರಾದ ತೊಂದರೆ ಏನೆಂದು ತಿಳಿದರೆ, ಅದು ನಮ್ಮದೇ ತೊಂದರೆ ಎಂಬುದು ನಿಮಗೆ ಗೊತ್ತಾಗುತ್ತದೆ. ಅವರಲ್ಲಿ ಸರಕು ಇತ್ತು, ದಾರಿಯೂ ಇತ್ತು. ಯಾವ ಸರಕು ಎಲ್ಲಿದೆ ಎಂದು ಹೇಳುವ ಪಟ್ಟಿ ಮಾತ್ರ ಇರಲಿಲ್ಲ.

ನಮ್ಮ ಊರಿನಿಂದಲೇ ಆರಂಭಿಸೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಎಂಬುದೊಂದಿದೆ. ಅದರ 12ನೆಯ ಕಲಮಿನಲ್ಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಲು ಯಾರು ಯಾರು ಹಕ್ಕುದಾರರು ಎಂದು ಬರೆದಿದೆ. ಅಲ್ಲಿ ಮಹಿಳೆಯರಿದ್ದಾರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿದ್ದಾರೆ. ಅವರ ಜೊತೆಯಲ್ಲೇ ಕೈಗಾರಿಕಾ ಕಾರ್ಮಿಕನೂ ಇದ್ದಾನೆ. ಅವನ ವಿಷಯದಲ್ಲಿ ಆದಾಯದ ಮಿತಿಯನ್ನೂ ಹಾಕಿಲ್ಲ. ಇದು ಗೊತ್ತಿದ್ದವರು ಕೈ ಎತ್ತಿ. (ಕೆಲವೇ ಕೈಗಳು ಮೇಲೆದ್ದವು.) ನೋಡಿ, ಕಾಯಿದೆ ಇದೆ, ಕಚೇರಿ ಇದೆ, ಸಮಿತಿ ಇದೆ. ಆದರೂ ನಮ್ಮವರು ಬಡ್ಡಿಗೆ ಸಾಲ ತಂದು ವಕೀಲರ ಫೀಜು ಕಟ್ಟುತ್ತಾರೆ. ಕೊರತೆ ಇರುವುದು ಹಕ್ಕಿನಲ್ಲಲ್ಲ. ಹಕ್ಕು ಎಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆಯಲ್ಲಿ.

ಈ ಅಜ್ಞಾನ ಪುಕ್ಕಟೆಯಲ್ಲ. ನಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವವನು ಮಾರುತ್ತಾನೆ. ಕಚೇರಿಯ ಮುಂದಿನ ಮರದ ಕೆಳಗೆ ಕುಳಿತವನು ಯಾವ ಅರ್ಜಿಯನ್ನು ಯಾವ ಕಿಟಕಿಗೆ ಕೊಡಬೇಕೆಂದು ಹೇಳಿದ್ದಕ್ಕೇ ಹಣ ಕೇಳುತ್ತಾನೆ. ಹಿಂದೆ ಭಾರತದ ಹತ್ತಿ ಗಿರಣಿಗಳಲ್ಲಿ ಜಾಬರನ ಆಳ್ವಿಕೆ ಇತ್ತು. ಎಲ್ಲಿ ಕೆಲಸ ಖಾಲಿ ಇದೆ ಎಂಬುದು ಅವನಿಗೆ ಮಾತ್ರ ಗೊತ್ತು. ಆದ್ದರಿಂದ ಕೆಲಸ ಬೇಕಾದವನು ಅವನ ಕೈ ಬೆಚ್ಚಗೆ ಮಾಡಲೇಬೇಕು. 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗವೇ ಈ ಪದ್ಧತಿಯನ್ನು ಖಂಡಿಸಿತು. ಜಾಬರನು ನೂಲು ತೆಗೆಯಲಿಲ್ಲ, ಬಟ್ಟೆ ನೇಯಲಿಲ್ಲ. ಅವನ ಬಂಡವಾಳವೆಲ್ಲ ಅವನ ತಲೆಯೊಳಗಿನ ಒಂದು ಪಟ್ಟಿ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದನ್ನು ಸಮಾಜವಾದಿಗಳಾದ ನಾವು ಮರೆಯುವಂತಿಲ್ಲ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೂ ಆ ಜಗಳದಲ್ಲಿ ಒಂದು ಮುಖ್ಯ ಸಂಗತಿಯಾಗಿತ್ತು. ಕೊಳಗ ಯಾರ ಕೈಯಲ್ಲಿದೆಯೋ ರಾಶಿ ಅವನ ಕಡೆಗೆ ಜಾರುತ್ತದೆ. ಪಟ್ಟಿಯೂ ಒಂದು ಕೊಳಗವೇ.

ಈಗ ಗಣಕಯಂತ್ರಗಳ ಕಥೆಗೆ ಬರೋಣ. ನಾವು ಆ ಶಾಸ್ತ್ರದ ಪಂಡಿತರಲ್ಲ. ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇವೆ. 1960ರ ದಶಕದಲ್ಲಿ ಒಂದು ಗಣಕಯಂತ್ರವೆಂದರೆ ಒಂದು ಕೋಣೆ ತುಂಬುವಷ್ಟು ದೊಡ್ಡದು, ಬೆಲೆಯೂ ಅಷ್ಟೇ ದೊಡ್ಡದು. ಒಂದು ವಿಶ್ವವಿದ್ಯಾಲಯದ ಯಂತ್ರ ಒಂದು ಕೆಲಸದಲ್ಲಿ ಚುರುಕು, ಇನ್ನೊಂದರದು ಬೇರೆ ಕೆಲಸದಲ್ಲಿ. ಎಲ್ಲರೂ ಎಲ್ಲವನ್ನೂ ಕೊಳ್ಳುವ ಬದಲು ಯಂತ್ರಗಳನ್ನು ಜೋಡಿಸಿ ಹಂಚಿಕೊಂಡು ಬಳಸೋಣವೆಂದು ಅಮೆರಿಕದ ರಕ್ಷಣಾ ಇಲಾಖೆಯ ‘ಅರ್ಪಾ’ ಎಂಬ ಸಂಸ್ಥೆ ಹಣ ಕೊಟ್ಟು ಜಾಲ ಕಟ್ಟಿಸಿತು. ಅದಕ್ಕೆ ‘ಅರ್ಪಾನೆಟ್’ ಎಂದು ಹೆಸರಾಯಿತು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಎಂಬ ಮಾತಿನ ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಯಂತ್ರ ನಿಂತುಹೋಯಿತು. ಆ ವರ್ಷ ಮುಗಿಯುವ ಹೊತ್ತಿಗೆ 4 ಕೇಂದ್ರಗಳು ಜಾಲಕ್ಕೆ ಸೇರಿದ್ದವು.

ಇದು ಸೈನ್ಯದ ಖಾತೆಯ ಹಣ, ಒಳಗೆ ಹೋಗಲು ಅಪ್ಪಣೆ ಇದ್ದದ್ದು ಕೆಲವೇ ಸಂಸ್ಥೆಗಳಿಗೆ ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಅದನ್ನು ಸಮಾಜವಾದವೆಂದು ಕರೆಯುವುದೂ ಇಲ್ಲ. ಆದರೆ ಒಳಗಿದ್ದವರು ಕೆಲಸ ಮಾಡಿದ ರೀತಿಯಲ್ಲಿ ನಾವು ಕಲಿಯಬೇಕಾದದ್ದಿದೆ.

ಕೇಂದ್ರಗಳು ಹೆಚ್ಚಿದವು. ಆಗ ಪ್ರಶ್ನೆ ಹುಟ್ಟಿತು: ಯಾವ ಊರಿನ ಯಂತ್ರದಲ್ಲಿ ಯಾವ ಸಲಕರಣೆ ಇದೆ? ಅದನ್ನು ಹೊರಗಿನವರು ಬಳಸಬಹುದೇ? ಬಳಸಬೇಕಾದರೆ ಯಾರನ್ನು ಕೇಳಬೇಕು? 1972ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಈ ಜಾಲವನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಪ್ರದರ್ಶಿಸಬೇಕಾಗಿತ್ತು. ಅಷ್ಟರೊಳಗೆ ಒಂದು ಕೈಪಿಡಿ ಸಿದ್ಧವಾಗಬೇಕೆಂದು ಸ್ಟ್ಯಾನ್‌ಫರ್ಡ್ ಸಂಸ್ಥೆಯ ಡಗ್ಲಸ್ ಎಂಗಲ್‌ಬಾರ್ಟ್ ಅವರು ಎಲಿಜಬೆತ್ ಫೈನ್ಲರ್ ಎಂಬ ಹೆಣ್ಣುಮಗಳಿಗೆ ಹೇಳಿದರು. ಆಕೆ ಓದಿದ್ದು ರಸಾಯನಶಾಸ್ತ್ರ. ಆಕೆಯ ಅನುಭವ ಮಾಹಿತಿ ಹುಡುಕುವ, ಜೋಡಿಸುವ ಕೆಲಸದಲ್ಲಿ. ಆಕೆ ಮತ್ತು ಆಕೆಯ ಜೊತೆಗಾರರು ಕೇಂದ್ರ ಕೇಂದ್ರವನ್ನೂ ವಿಚಾರಿಸಿ ‘ಸಂಪನ್ಮೂಲ ಕೈಪಿಡಿ’ಯನ್ನು ಕೂಡಿಸಿದರು. ಜಾಲದ ಮಾಹಿತಿ ಕೇಂದ್ರವನ್ನು ಆಕೆ 1989ರವರೆಗೆ ನಡೆಸಿದರು. ತಂತಿ ಎಳೆದವರ, ಯಂತ್ರ ಕಟ್ಟಿದವರ ಹೆಸರು ಎಲ್ಲರ ಬಾಯಲ್ಲಿದೆ. ಪಟ್ಟಿ ಬರೆದವಳ ಹೆಸರು ಕಡಮೆ ಜನರಿಗೆ ಗೊತ್ತು. ಮನೆಯಲ್ಲೂ ಹಾಗೇ ತಾನೆ? ಯಾವ ಡಬ್ಬಿಯಲ್ಲಿ ಏನಿದೆ ಎಂದು ಬಲ್ಲವಳ ಕೆಲಸವನ್ನು ನಾವು ಕೆಲಸವೆಂದೇ ಎಣಿಸುವುದಿಲ್ಲ.

ಆ ಕೆಲಸದ ಕ್ರಮವನ್ನು ಗಮನಿಸಿ. ಪ್ರತಿ ಕೇಂದ್ರಕ್ಕೂ ಜವಾಬ್ದಾರ ವ್ಯಕ್ತಿಯೊಬ್ಬನಿರಬೇಕು. ಎಲ್ಲ ಕೇಂದ್ರಗಳೂ ಒಂದೇ ರೀತಿಯ ವಿವರ ಕೊಡಬೇಕು: ಯಂತ್ರ ಯಾವುದು, ಸಲಕರಣೆ ಯಾವುದು, ಯಾರನ್ನು ಸಂಪರ್ಕಿಸಬೇಕು. ಬದಲಾವಣೆಯಾದರೆ ತಿಳಿಸಬೇಕು. ಕೊನೆಯದಾಗಿ, ಸಿದ್ಧವಾದ ಪಟ್ಟಿ ಒಬ್ಬರ ಪೆಟ್ಟಿಗೆಯಲ್ಲಿ ಉಳಿಯದೆ ಎಲ್ಲ ಕೇಂದ್ರಗಳಿಗೂ ತಲುಪಬೇಕು. ಒಂದು ಸಂಘವನ್ನು ನಡೆಸುವುದಕ್ಕೂ ಇದಕ್ಕಿಂತ ಹೆಚ್ಚಿನ ನಿಯಮ ಬೇಕಿಲ್ಲ.

ಕೈಪಿಡಿಯ ಜೊತೆಗೆ ಇನ್ನೊಂದು ಪಟ್ಟಿಯೂ ಇತ್ತು. ಪ್ರತಿ ಯಂತ್ರದ ಹೆಸರು ಮತ್ತು ಅದರ ಅಂಕಿಯ ವಿಳಾಸ. ಇದು ಒಂದೇ ಕಡತ, ಒಂದೇ ಕಡೆ ಇತ್ತು. ಎಲ್ಲರೂ ಅಲ್ಲಿಂದ ನಕಲು ತೆಗೆದುಕೊಳ್ಳುತ್ತಿದ್ದರು. ಯಂತ್ರಗಳು ನೂರಾರು ಆದಾಗ ಒಂದೇ ಕಚೇರಿಗೆ ಆ ಭಾರ ಹೊರಲಾಗಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಹೊಸ ಏರ್ಪಾಡೊಂದನ್ನು ರೂಪಿಸಿದರು. ನಮ್ಮ ಅಂಚೆ ವಿಳಾಸ ಇದ್ದಂತೆ ಎನ್ನಿ: ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಮಂಡಿಪೇಟೆಯ ಇಂಥ ಅಂಗಡಿ. ಮೇಲಿನವನು ಕೆಳಗಿನ ಪ್ರತಿಯೊಂದು ಮನೆಯ ಲೆಕ್ಕ ಇಡಬೇಕಾಗಿಲ್ಲ. ಆ ಲೆಕ್ಕ ಯಾರ ಬಳಿ ಇದೆ ಎಂದು ಹೇಳಿದರೆ ಸಾಕು. ಕೆಳಗಿನವನು ತನ್ನ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ. ನೀವು ಫೋನಿನಲ್ಲಿ ಯಾವ ತಾಣವನ್ನು ತೆರೆದರೂ ಇವತ್ತಿಗೂ ಇದೇ ಏರ್ಪಾಡು ಕೆಲಸ ಮಾಡುತ್ತದೆ. ಭಾರತದ ಪಾಲಿಗೆ ‘ಡಾಟ್ ಇನ್’ ಎಂಬ ಬಾಲ ಬಂದದ್ದು 1989ರಲ್ಲಿ. ಅಧಿಕಾರವನ್ನು ಕೆಳಗಿನವರೆಗೆ ಹಂಚಬೇಕೆಂದು ಲೋಹಿಯಾ ಅವರು ಹೇಳುತ್ತಿದ್ದರು. ಹಂಚಿದ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಮುಂದೆ 1990ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್‌ಟೇಜ್ ಎಂಬ ವಿದ್ಯಾರ್ಥಿ ಇದ್ದ. ಕಬ್ಬಿನ ತೋಟಗಳ ಪುಟ್ಟ ದ್ವೀಪ ಬಾರ್ಬಡೋಸಿನವನು. ಬೇಕಾದ ಕಡತ ಯಾವ ಊರಿನ ಯಂತ್ರದಲ್ಲಿದೆ ಎಂದು ಒಂದೊಂದನ್ನೇ ತಡಕಿ ಸಾಕಾಗಿ, ಎಲ್ಲ ಕಡೆಯ ಕಡತಗಳ ಹೆಸರನ್ನು ತಾನಾಗಿಯೇ ಕೂಡಿಸುವ ಕ್ರಮವಿಧಿಯೊಂದನ್ನು ಬರೆದ. ಅದರ ಹೆಸರು ‘ಆರ್ಚೀ’. ಇಂದಿನ ಹುಡುಕು ಯಂತ್ರಗಳಿಗೆಲ್ಲ ಅದು ಹಿರಿಯಣ್ಣ. ಅವನು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

1991ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ‘ಗೋಫರ್’ ಎಂಬ ಪಟ್ಟಿಗಳ ಜಾಲ ತಂದರು. ಜನ ಮುಗಿಬಿದ್ದರು. 1993ರಲ್ಲಿ ಕೆಲವು ಬಳಕೆಗೆ ಶುಲ್ಕ ಹಾಕುವುದಾಗಿ ಆ ವಿಶ್ವವಿದ್ಯಾಲಯ ಸಾರಿತು. ಅದೇ ವರ್ಷ ಏಪ್ರಿಲ್ 30ರಂದು, ಟಿಮ್ ಬರ್ನರ್ಸ್-ಲೀ ರೂಪಿಸಿದ ‘ವೆಬ್’ ಅನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಯೂರೋಪಿನ ಸೆರ್ನ್ ಸಂಸ್ಥೆ ಘೋಷಿಸಿತು. ಜನ ಗೋಫರನ್ನು ಬಿಟ್ಟು ವೆಬ್ಬಿನ ಕಡೆ ನಡೆದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಸುಂಕದ ಕಟ್ಟೆ ಕಂಡ ಗಾಡಿ ಬೇರೆ ದಾರಿ ಹಿಡಿಯಿತು ಎಂಬುದು ಸುಳ್ಳಲ್ಲ.

ಮಿತ್ರರೇ, ಇಲ್ಲಿಯವರೆಗೆ ಪಟ್ಟಿ ಬಳಸುವವರ ಕೈಯಲ್ಲಿತ್ತು. ಮುಂದಿನದು ಅದು ಕೈ ಜಾರಿದ ಕಥೆ. 1994ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು ವೆಬ್ ತಾಣಗಳ ಪಟ್ಟಿ ಮಾಡಿದರು. ಮರುವರ್ಷ ಅದು ‘ಯಾಹೂ’ ಎಂಬ ಕಂಪನಿಯಾಯಿತು. 1998ರಲ್ಲಿ ಸ್ವಯಂಸೇವಕರೇ ಕೂಡಿ ಮಾಡುವ ‘ಮುಕ್ತ ಡೈರೆಕ್ಟರಿ’ ಹುಟ್ಟಿತು. ಸಾವಿರಾರು ಜನ ಒಂದು ಪೈಸೆ ಪಡೆಯದೆ ದುಡಿದರು. ಆದರೆ ಅದರ ಒಡೆತನ ಮೊದಲು ನೆಟ್‌ಸ್ಕೇಪ್ ಕಂಪನಿಯದು, ಆಮೇಲೆ ಎಒಎಲ್ ಕಂಪನಿಯದು. 2014ರ ಕೊನೆಯಲ್ಲಿ ಯಾಹೂ ತನ್ನ ಡೈರೆಕ್ಟರಿಯನ್ನು ಮುಚ್ಚಿತು. 2017ರ ಮಾರ್ಚಿನಲ್ಲಿ ಮುಕ್ತ ಡೈರೆಕ್ಟರಿಯ ಬಾಗಿಲಿಗೂ ಬೀಗ ಬಿತ್ತು. ದುಡಿಮೆ ಸಾವಿರ ಜನರದು, ಬೀಗದ ಕೈ ಒಬ್ಬರದು. ಗಿರಣಿ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕೆ? ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ಈ ಊರಿನ ಗಿರಣಿಗಳ ಗೇಟಿನ ಮುಂದೆ ನಿಂತವರು ನಮ್ಮಲ್ಲೇ ಇದ್ದೀರಿ.

ಒಂದು ವ್ಯತ್ಯಾಸ ಮಾತ್ರ ಇದೆ. ಆ ಡೈರೆಕ್ಟರಿಯ ನಕಲನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದಾಗಿತ್ತು. ಆದ್ದರಿಂದ ದುಡಿದವರು ಅದೇ ಪಟ್ಟಿಯನ್ನು ‘ಕರ್ಲೀ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಬೀಗ ಬಿದ್ದ ಗಿರಣಿಯಿಂದ ಮಗ್ಗ ಹೊತ್ತುಕೊಂಡು ಬರಲಾಗುವುದಿಲ್ಲ. ಪಟ್ಟಿಯನ್ನು ಹೊತ್ತುಕೊಂಡು ಬರಬಹುದು. ನಕಲು ನಮ್ಮ ಬಳಿ ಇದ್ದರೆ.

ಇವತ್ತು ದೊಡ್ಡ ಹುಡುಕು ಯಂತ್ರಗಳಲ್ಲಿ ಜಾಹೀರಾತಿನ ಜಾಗ ಹರಾಜಾಗುತ್ತದೆ. ಊರಿಗೆ ಬಂದವನು ಫೋನು ತೆಗೆದು ಬೆಣ್ಣೆ ದೋಸೆ ಎಲ್ಲಿ ಎಂದು ಕೇಳಿದರೆ ಮೊದಲು ಕಾಣುವ ಹೆಸರು ರುಚಿಯಿಂದ ಬಂದದ್ದೋ, ರೊಕ್ಕದಿಂದ ಬಂದದ್ದೋ ಅವನಿಗೆ ಹೇಗೆ ತಿಳಿಯಬೇಕು? ಮೂವತ್ತು ವರ್ಷ ಒಲೆಯ ಮುಂದೆ ಬೆಂದವನು ಪಟ್ಟಿಯ ಕೊನೆಯಲ್ಲಿ ನಿಂತಿರುತ್ತಾನೆ. ಸಣ್ಣ ವ್ಯಾಪಾರಿಗಳೇ, ಹಳೆಯ ಜಾಬರ್ ಹೊಸ ಅಂಗಿ ತೊಟ್ಟು ಬಂದಿದ್ದಾನೆ.

ನಮ್ಮ ದೇಶದಲ್ಲಿ ಏನಾಯಿತು? 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 5 ಐಐಟಿಗಳು, ಬೊಂಬಾಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಅದರಲ್ಲಿದ್ದವು. ಸಾರ್ವಜನಿಕರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಿಂದ, ಅದೂ ಮಹಾನಗರಗಳಲ್ಲಿ ಮೊದಲು. ದಾರಿ ತೆರೆದರೂ ನಮ್ಮವರ ಮುಂದೆ ಇನ್ನೊಂದು ಗೋಡೆ ಇತ್ತು: ಭಾಷೆ. ಆ ಜಾಲ ಬಳಸುತ್ತಿದ್ದ 1963ರ ಅಮೆರಿಕದ ಸಂಕೇತ ಪದ್ಧತಿಯಲ್ಲಿ 128 ಸ್ಥಾನಗಳು ಮಾತ್ರ. ಅಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿರಲಿಲ್ಲ. 1991ರಲ್ಲಿ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತು. 2003ರಲ್ಲಿ ಯಾರು ಬೇಕಾದರೂ ಬರೆದು ತಿದ್ದಬಹುದಾದ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇಂಗ್ಲಿಷಿನಲ್ಲಿರುವ ಪಟ್ಟಿ ನಮ್ಮ ಜನಕ್ಕೆ ಬೀಗ ಹಾಕಿದ ಪಟ್ಟಿಯೇ ಎಂಬುದನ್ನು ಶಾಂತವೇರಿ ಗೋಪಾಲಗೌಡರ ಪರಂಪರೆಯವರಿಗೆ ಮತ್ತೆ ಹೇಳಬೇಕಾಗಿಲ್ಲ.

ಪಟ್ಟಿಯ ಶಾಸ್ತ್ರ ನಮಗೆ ಹೊಸದಲ್ಲ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಓದಲು ಬಂದವನ ಹೊತ್ತು ಹಾಳಾಗಬಾರದು ಎಂಬುದು ಅವರು 1931ರಲ್ಲೇ ಹಾಕಿಕೊಟ್ಟ ಸೂತ್ರಗಳಲ್ಲಿ ಒಂದರ ಸಾರ. 1965ರಲ್ಲಿ ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಮನೆಗಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತೀರಿ. ಹಾಗಾದರೆ ಗ್ರಂಥಾಲಯದ ಒಂದು ಮೂಲೆ, ಒಂದು ಮೇಜು, ಒಂದು ಗಣಕಯಂತ್ರ ನಮ್ಮ ಪಟ್ಟಿಗೆ ಬೇಕೆಂದು ಕೇಳುವುದು ಭಿಕ್ಷೆಯಲ್ಲ.

ಕಾಯಿದೆಗಳೂ ಪಟ್ಟಿಯ ಬೆಲೆಯನ್ನು ಒಪ್ಪಿವೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಲೇಬೇಕೆಂಬ ಕಾಯಿದೆ 1959ರಲ್ಲಿ ಆಯಿತು. ಅದರ ಕೊರತೆ ಏನಾಗಿತ್ತೆಂದರೆ, ತಿಳಿಸುವುದು ಕಡ್ಡಾಯವಾಗಿತ್ತು, ಆ ಕಚೇರಿಯ ಮೂಲಕವೇ ನೇಮಿಸುವುದು ಕಡ್ಡಾಯವಾಗಿರಲಿಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆ ಇನ್ನೂ ಮುಂದೆ ಹೋಯಿತು. ಅದರ 4ನೆಯ ಕಲಮಿನ ಪ್ರಕಾರ ಪ್ರತಿ ಸಾರ್ವಜನಿಕ ಕಚೇರಿಯೂ ತನ್ನ ಅಧಿಕಾರಿ ನೌಕರರ ಪಟ್ಟಿ, ತನ್ನ ಕೆಲಸಗಳು, ತನ್ನಲ್ಲಿರುವ ದಸ್ತಾವೇಜುಗಳ ವಿವರ, ಸಹಾಯಧನದ ಫಲಾನುಭವಿಗಳ ವಿವರ ಇವನ್ನೆಲ್ಲ ಯಾರೂ ಅರ್ಜಿ ಕೊಡದೆಯೇ ಪ್ರಕಟಿಸಬೇಕು. ಸ್ಥಳೀಯ ಭಾಷೆಯನ್ನೂ ಗಮನದಲ್ಲಿಡಬೇಕು. ಅಂದರೆ ನಮ್ಮ ಪಟ್ಟಿಯ ಅರ್ಧ ಭಾಗವನ್ನು ಬರೆದುಕೊಡುವುದು ಸರ್ಕಾರದ ಕರ್ತವ್ಯ. ಅದನ್ನು ಪಡೆದು, ಜೋಡಿಸಿ, ಜನಕ್ಕೆ ಮುಟ್ಟಿಸುವುದು ನಮ್ಮ ಕೆಲಸ.

ಉಳಿದರ್ಧ ನಮ್ಮಲ್ಲೇ ಇದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ಯಂತ್ರ ತಯಾರಿಸುವ ಕೈಗಳನ್ನೇ ತಯಾರಿಸಿತು. ಕಾರ್ಖಾನೆ ಮುಚ್ಚಿತು, ಕೈಗಳ ಕಸುಬು ಮುಚ್ಚಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಒಬ್ಬ ಮಾಲೀಕನ ಯಂತ್ರದ ಹಲ್ಲುಗಾಲಿ ಮುರಿಯಿತು ಎಂದಿಟ್ಟುಕೊಳ್ಳಿ. ಅವನು ಹುಬ್ಬಳ್ಳಿಗೋ ಬೆಂಗಳೂರಿಗೋ ಓಡುತ್ತಾನೆ. ಅದೇ ಗಾಲಿಯನ್ನು ಕಡೆದು ಕೊಡಬಲ್ಲ ಹಿರಿಯನೊಬ್ಬ ತುಂಗಭದ್ರೆಯ ದಂಡೆಯ ಊರಿನಲ್ಲಿ, ಒಂದು ಗಂಟೆಯೊಳಗೆ ಮುಟ್ಟಬಹುದಾದ ದೂರದಲ್ಲಿ, ಕೆಲಸವಿಲ್ಲದೆ ಕುಳಿತಿದ್ದಾನೆ. ಇವನಿಗೆ ಅವನು ಗೊತ್ತಿಲ್ಲ, ಅವನಿಗೆ ಇವನು ಗೊತ್ತಿಲ್ಲ. ನಷ್ಟ ಇಬ್ಬರಿಗೂ.

ಆದ್ದರಿಂದ ನಮ್ಮ ಸಲಹೆ ಇಷ್ಟು. ದಾವಣಗೆರೆ ಮತ್ತು ಹರಿಹರಕ್ಕೆ ಸೇರಿದ ಒಂದು ಪಟ್ಟಿ ಕನ್ನಡದಲ್ಲಿ ಆರಂಭವಾಗಲಿ. ಪ್ರತಿ ವಾರ್ಡಿಗೆ ಒಬ್ಬ ಜವಾಬ್ದಾರರಿರಲಿ. ಹೆಣ್ಣುಮಕ್ಕಳು ಅರ್ಧದಷ್ಟಾದರೂ ಇರಲಿ. ಎಲ್ಲರಿಗೂ ಐದೇ ಕಲಂಗಳು: ಏನಿದೆ, ಎಲ್ಲಿದೆ, ಯಾರಿಗೆ ಸಿಗುತ್ತದೆ, ಯಾವಾಗ ಮತ್ತು ಎಷ್ಟು ಖರ್ಚಿಗೆ, ಯಾವ ದಿನಾಂಕದಂದು ವಿಚಾರಿಸಿ ಬರೆದದ್ದು. ಈ ಐದನೆಯದನ್ನು ಬಿಡಬೇಡಿ. ಹಳಸಿದ ಪಟ್ಟಿ ಪಟ್ಟಿಯಿಲ್ಲದ್ದಕ್ಕಿಂತ ಕೆಟ್ಟದ್ದು. ಕಾನೂನು ನೆರವಿನ ಸಮಿತಿ, ಇಎಸ್‌ಐ ಚಿಕಿತ್ಸೆ, ಭವಿಷ್ಯನಿಧಿಯ ಅರ್ಜಿ, ಗ್ರಂಥಾಲಯ, ಬಾಡಿಗೆಗೆ ಸಿಗುವ ಸಲಕರಣೆ, ಕಸುಬಿನವರು, ಎಲ್ಲವೂ ಬರಲಿ. ಹಣ ಪಡೆದು ಯಾರ ಹೆಸರನ್ನೂ ಮೇಲೆ ಹಾಕಕೂಡದು, ಅಕಾರಾದಿಯಾಗಿ ಬರಲಿ. ಒಂದು ಪ್ರತಿ ದಾವಣಗೆರೆಯಲ್ಲಿ, ಒಂದು ಹರಿಹರದಲ್ಲಿ, ಮೂರನೆಯದು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿ ಇರಲಿ. ನಾಳೆ ನಮ್ಮ ಸಂಘವೇ ದಾರಿ ತಪ್ಪಿದರೂ ಪಟ್ಟಿ ಉಳಿಯಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಟ್ಟಿ ಉಪಕಾರಿ ಹೇಗೋ ಹಾಗೆ ಆಯುಧವೂ ಹೌದು. ಸಂಘ ಕಟ್ಟಿದವರ ಹೆಸರುಗಳ ಕಪ್ಪು ಪಟ್ಟಿಯನ್ನು ಧಣಿಗಳು ಕೈಯಿಂದ ಕೈಗೆ ದಾಟಿಸಿದ್ದು ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಹಲವು ದೇಶಗಳಲ್ಲಿ ಇದೆ. ಆದ್ದರಿಂದ ಒಪ್ಪಿಗೆ ಕೊಡದವನ ಹೆಸರು, ಫೋನು, ಜಾತಿ, ಸಾಲ, ಕಾಯಿಲೆ ಇವು ನಮ್ಮ ಪಟ್ಟಿಯಲ್ಲಿ ಬರಕೂಡದು. ಜನರಿಗಾಗಿ ವಸ್ತುಗಳ ಪಟ್ಟಿ ಮಾಡೋಣ. ಯಾರಿಗೋ ಬೇಕೆಂದು ಜನರ ಪಟ್ಟಿ ಮಾಡುವುದು ಬೇಡ.

ಹಿಂದೆ ಕುಳಿತ ತಮ್ಮ ಒಬ್ಬ ಕೇಳುತ್ತಿದ್ದಾನೆ: ಎಲ್ಲವೂ ಫೋನಿನಲ್ಲಿ ಸಿಗುವಾಗ ಇದೆಲ್ಲ ಯಾಕೆ ಅಣ್ಣಾ, ಎಂದು. ಒಳ್ಳೆಯ ಪ್ರಶ್ನೆ, ತಮ್ಮಾ. ಹರಿಹರದ ಆ ಟರ್ನರ್ ನಿನ್ನ ಫೋನಿನಲ್ಲಿ ಇದ್ದಾನೆಯೇ, ಹುಡುಕಿ ನೋಡು. ಯಾರೂ ಬರೆಯದಿದ್ದದ್ದು ಯಾವ ಯಂತ್ರದಲ್ಲೂ ಸಿಗುವುದಿಲ್ಲ. 1972ರಲ್ಲಿಯೂ ಯಂತ್ರಗಳು ತಮ್ಮ ಪಟ್ಟಿಯನ್ನು ತಾವೇ ಮಾಡಲಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಕೇಳಿ ಬರೆದರು.

ಭಾಷಣ ಸಾಕು. ಬಾಗಿಲ ಬಳಿಯ ಮೇಜಿನ ಮೇಲೆ ಎರಡು ನೋಟುಪುಸ್ತಕಗಳಿವೆ, ಒಂದು ಈ ಊರಿಗೆ, ಒಂದು ಹರಿಹರಕ್ಕೆ. ಹೋಗುವ ಮುಂಚೆ ಪ್ರತಿಯೊಬ್ಬರೂ ನಿಮಗೆ ಗೊತ್ತಿರುವ ಒಂದೇ ಒಂದು ಸಂಗತಿಯನ್ನು, ಇವತ್ತಿನ ತಾರೀಖು ಹಾಕಿ, ಬರೆದು ಹೋಗಿರಿ. ಬರೆಯಲು ಬಾರದವರು ಹೇಳಿರಿ, ನಾವು ಬರೆದುಕೊಳ್ಳುತ್ತೇವೆ.